ಹತ್ತು ಸೆಂಟಿನ ಹಾಡು

1930ರ ದಶಕದ ಷಿಕಾಗೊದಲ್ಲಿ ಒಂದು ಗಾಸ್ಪೆಲ್ ಹಾಡಿನ, ಅಂದರೆ ಕಪ್ಪು ಜನರ ಚರ್ಚುಗಳ ಭಕ್ತಿಗೀತೆಯ, ಬೆಲೆ ಹತ್ತು ಸೆಂಟು. ಒಂದೆರಡು ಹಾಳೆಯಲ್ಲಿ ಸ್ವರಲಿಪಿ, ಸ್ವರದ ಕೆಳಗೆ ಸಾಹಿತ್ಯ, ತಲೆಯಲ್ಲಿ ಹಾಡಿನ ಹೆಸರು ಮತ್ತು ಬರೆದವರ ಹೆಸರು. ದಕ್ಷಿಣದ ರಾಜ್ಯಗಳಿಂದ ರೈಲು ಹತ್ತಿ ಬಂದ ಕಪ್ಪು ಜನ ನೆಲೆಯೂರಿದ್ದ ಬೀದಿಗಳಲ್ಲಿ ಥಾಮಸ್ ಆಂಡ್ರ್ಯೂ ಡಾರ್ಸಿ ಎಂಬ ಪಿಯಾನೊ ವಾದಕ ಈ ಹಾಳೆಗಳ ಕಟ್ಟು ಹಿಡಿದು ನಿಲ್ಲುತ್ತಿದ್ದರು. ಜತೆಗೆ ನ್ಯೂ ಆರ್ಲಿಯನ್ಸ್‌ನಿಂದ ಬಂದ, ಇಪ್ಪತ್ತರ ಆಸುಪಾಸಿನ ಮಹೇಲಿಯಾ ಜಾಕ್ಸನ್. ಆಕೆ ಹಾಡಬೇಕು, ದಾರಿಹೋಕರು ನಿಂತು ಕೇಳಬೇಕು, ಹಿಡಿಸಿದವರು ಹತ್ತು ಸೆಂಟು ಕೊಟ್ಟು ಹಾಡನ್ನು ತಮ್ಮ ಚರ್ಚಿಗೆ ಒಯ್ಯಬೇಕು. ಅಮೆರಿಕದ ಸಂಗೀತವನ್ನೇ ಬದಲಿಸಿದ ಒಂದು ಕಸುಬು ಹೀಗೆ ಬೀದಿಮೂಲೆಯಲ್ಲಿ ಬೇರು ಬಿಟ್ಟಿತು.

ಅಂದು ಹಾಡಿದವರ ಹೆಸರು ಇಂದು ಜಗತ್ತಿಗೆಲ್ಲ ಗೊತ್ತು. ಹಾಳೆ ಮಾರಿದವರ ಹೆಸರು ಸಂಗೀತದ ಚರಿತ್ರೆ ಓದಿದವರಿಗೆ ಗೊತ್ತು. ಆ ಹಾಳೆಗಳ ಲೆಕ್ಕ ಬರೆದು, ವ್ಯಾಪಾರವನ್ನು ಅದರ ಕಾಲ ಮೇಲೆ ನಿಲ್ಲಿಸಿದ ಹೆಂಗಸಿನ ಹೆಸರು ಅವರಲ್ಲೂ ಕೆಲವರಿಗಷ್ಟೇ ಗೊತ್ತು. ಗಾಸ್ಪೆಲ್ ಸಂಗೀತದವರಿಗೆ ಸಂದ ಗೌರವದ ಕತೆಯುದ್ದಕ್ಕೂ ಈ ಏರುಪೇರು ಕಾಣುತ್ತದೆ. ನಮ್ಮ ದಾಸರು ಪ್ರತಿ ಪದದ ಕೊನೆಗೂ ಅಂಕಿತ ಇಟ್ಟು ಹೋದರು. ಯಾರ ಬಾಯಲ್ಲಿ, ಯಾವ ರಾಗದಲ್ಲಿ ಹಾಡಿದರೂ ಪುರಂದರದಾಸರ ಪದ ಪುರಂದರದಾಸರದೇ. ಗಾಸ್ಪೆಲ್ ಹಾಡು ಕಟ್ಟಿದವರಿಗೆ ಆ ರಕ್ಷೆ ಇರಲಿಲ್ಲ. ಹಾಳೆ ಹರಿದರೆ ಹೆಸರೂ ಹೋಯಿತು.

ಇದಕ್ಕೆ ಒಂದು ಹಿನ್ನೆಲೆ ಇದೆ. ಗುಲಾಮಗಿರಿಯ ಕಾಲದ ಭಕ್ತಿಗೀತೆಗಳಿಗೆ, ಅಂದರೆ ಸ್ಪಿರಿಚುವಲ್‌ಗಳಿಗೆ, ಕರ್ತೃಗಳೇ ಗೊತ್ತಿಲ್ಲ. ಹೊಲದಲ್ಲಿ, ಕಾಡಿನಂಚಿನ ಗುಟ್ಟಿನ ಪ್ರಾರ್ಥನೆಗಳಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ಬಂದ ಹಾಡುಗಳವು. 1871ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ವಿದ್ಯಾಸಂಸ್ಥೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ ಅಲ್ಲಿನ ಒಂಬತ್ತು ವಿದ್ಯಾರ್ಥಿಗಳು ಊರೂರು ತಿರುಗಿ ಹಾಡಿ ಹಣ ತಂದರು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದವರು. ಆ ಹಣದಿಂದ ಎದ್ದ ಜುಬಿಲಿ ಹಾಲ್ ಈಗಲೂ ನಿಂತಿದೆ. ಮುಂದೆ ಆ ಪರಂಪರೆಯ ಫ್ರೆಡರಿಕ್ ಲೌಡಿನ್ ತಮ್ಮದೇ ತಂಡ ಕಟ್ಟಿಕೊಂಡು ಜಗತ್ತು ಸುತ್ತಿದರು, 1880ರ ದಶಕದ ಕೊನೆಯ ಹೊತ್ತಿಗೆ ಭಾರತಕ್ಕೂ ಬಂದು ಹಾಡಿದರು. ಹಾಡಿದವರ ಹೆಸರು ಪತ್ರಿಕೆಗಳಲ್ಲಿ ಬಂತು. ಹಾಡುಗಳಿಗೆ ಮಾತ್ರ ಯಾರ ಹೆಸರೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಹೆಸರಿಟ್ಟು ಬರೆಯುವ ಪದ್ಧತಿ ಬೇರೂರಿಸಿದವರಲ್ಲಿ ಮೊದಲು ನೆನೆಯಬೇಕಾದವರು ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ. 1851ರಲ್ಲಿ ಮೇರಿಲ್ಯಾಂಡ್‌ನಲ್ಲಿ ಹುಟ್ಟಿದವರು. ತಂದೆ ಗುಲಾಮ, ತಾಯಿ ಸ್ವತಂತ್ರ ಹೆಂಗಸು. ಓದುಬರಹವನ್ನು ತಾವೇ ಕಲಿತರು. ಫಿಲಡೆಲ್ಫಿಯಾಕ್ಕೆ ಬಂದು ಇಟ್ಟಿಗೆ ಹೊರುವ ಕೂಲಿ ಮಾಡಿದರು, ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. 1902ರಲ್ಲಿ ಅದೇ ಸಭೆಗೆ ಪಾದ್ರಿಯಾಗಿ ಮರಳಿದರು. ಅವರ ಕಾಲದಲ್ಲಿ ಸಭೆ ಸಾವಿರಾರು ಜನರಿಗೆ ಬೆಳೆಯಿತು, ಕೊನೆಗೆ ಚರ್ಚಿಗೆ ಅವರದೇ ಹೆಸರು ಬಂತು. ‘ಸ್ಟ್ಯಾಂಡ್ ಬೈ ಮಿ’, ‘ವಿ’ಲ್ ಅಂಡರ್‌ಸ್ಟ್ಯಾಂಡ್ ಇಟ್ ಬೆಟರ್ ಬೈ ಅಂಡ್ ಬೈ’ ಎರಡೂ 1905ರ ಹೊತ್ತಿನವು. ಅವರ ಶೈಲಿಯಲ್ಲಿ ಒಂದು ಜಾಣತನವಿದೆ. ಸಾಲುಗಳ ನಡುವೆ ಜಾಗ ಬಿಟ್ಟು ಬರೆಯುತ್ತಿದ್ದರು. ಆ ಜಾಗವನ್ನು ಹಾಡುವವರು ತಮ್ಮ ಎಳೆತದಿಂದ, ಸಭೆ ತನ್ನ ಚಪ್ಪಾಳೆಯಿಂದ, ಕೂಗಿನಿಂದ ತುಂಬಬೇಕು. ಬರೆದವರು ಮುಕ್ಕಾಲು ಪಾಲು ಕಟ್ಟಿ ಉಳಿದದ್ದನ್ನು ಹಾಡುವವರಿಗೆ ಬಿಡುವ ಈ ಕ್ರಮವೇ ಮುಂದೆ ಗಾಸ್ಪೆಲ್‌ನ ಜೀವಾಳವಾಯಿತು. ಹಾಡಿದವರು ಹಾಡನ್ನು ತಮ್ಮದಾಗಿಸಿಕೊಂಡಾಗ ಬರೆದವರನ್ನು ಜನ ಮರೆಯುವುದಕ್ಕೂ ಇದೇ ದಾರಿಯಾಯಿತು.

ಮೆಂಫಿಸ್‌ನ ಲೂಸಿ ಕ್ಯಾಂಬೆಲ್ ಇನ್ನೊಂದು ಬಗೆಯ ವ್ಯಕ್ತಿ. 1885ರಲ್ಲಿ ಮಿಸಿಸಿಪ್ಪಿಯಲ್ಲಿ ಜನನ, ಕೂಸಾಗಿರುವಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಒಬ್ಬ ಮಗಳಿಗೆ ಮಾತ್ರ ಪಿಯಾನೊ ಪಾಠ ಹೇಳಿಸಲು ದುಡ್ಡಿತ್ತು, ಅದು ಅಕ್ಕನ ಪಾಲಾಯಿತು. ಲೂಸಿ ಅಕ್ಕನ ಪಾಠ ಕೇಳಿಸಿಕೊಂಡೇ ಕಲಿತರು. ಮುಂದೆ ಬುಕರ್ ಟಿ. ವಾಷಿಂಗ್ಟನ್ ಹೈಸ್ಕೂಲಿನಲ್ಲಿ ಟೀಚರು. ಶಾಲೆಗಳಲ್ಲಿ ಪಾಠ ಹೇಳಿದ್ದು ಅರ್ಧ ಶತಮಾನಕ್ಕೂ ಹೆಚ್ಚು. ಜತೆಗೆ ಕಪ್ಪು ಜನರ ಅತಿದೊಡ್ಡ ಧಾರ್ಮಿಕ ಸಂಘಟನೆಯಾದ ನ್ಯಾಷನಲ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ಭಾನುವಾರ ಶಾಲೆ ವಿಭಾಗದ ಸಂಗೀತದ ಹೊಣೆ. ವರ್ಷಕ್ಕೊಮ್ಮೆ ನೆರೆಯುವ ಆ ಮಹಾಸಭೆಯಲ್ಲಿ ಯಾರು ಹಾಡಬೇಕು, ಯಾವ ಹೊಸ ಹಾಡು ಕೇಳಿಸಬೇಕು ಎಂಬುದರಲ್ಲಿ ಆಕೆಯ ಮಾತಿಗೆ ಭಾರಿ ತೂಕವಿತ್ತು. ಸಭೆಯಲ್ಲಿ ಗೆದ್ದ ಹಾಡು ಪ್ರತಿನಿಧಿಗಳ ಚೀಲದಲ್ಲಿ ದೇಶದ ಮೂಲೆಮೂಲೆಗೂ ಹೋಗುತ್ತಿತ್ತು. ರೇಡಿಯೊ ಮನೆಮನೆಗೆ ಬರುವ ಮುಂಚೆ ಇದಕ್ಕಿಂತ ದೊಡ್ಡ ಪ್ರಸಾರ ಇರಲಿಲ್ಲ. 1919ರಲ್ಲಿ ಕ್ಯಾಂಬೆಲ್ ಬರೆದ ‘ಸಮ್‌ಥಿಂಗ್ ವಿದಿನ್’ ಅಲ್ಲಿ ಮೊದಲು ಕೇಳಿಸಿದ್ದು ಕಾನಿ ರೋಸ್‌ಮಂಡ್ ಎಂಬ ಕುರುಡು ಗಾಯಕರ ದನಿಯಲ್ಲಿ. ಮೆಂಫಿಸ್‌ನ ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆಯುತ್ತಿದ್ದ ಅವರು, ಎಷ್ಟು ಒತ್ತಾಯಿಸಿದರೂ ಲೌಕಿಕ ಸಂಗೀತವಾದ ಬ್ಲೂಸ್ ನುಡಿಸಲು ಒಪ್ಪದ್ದನ್ನು ಕಂಡು ಕ್ಯಾಂಬೆಲ್ ಆ ಹಾಡು ಬರೆದರೆಂದು ಹೇಳುತ್ತಾರೆ.

ಬ್ಲೂಸ್ ಮತ್ತು ಚರ್ಚಿನ ಈ ಹಗ್ಗಜಗ್ಗಾಟ ಪೂರ್ತಿಯಾಗಿ ಒಬ್ಬ ಮನುಷ್ಯನೊಳಗೇ ನಡೆಯಿತು. ಆ ಮನುಷ್ಯ ಡಾರ್ಸಿ.

1899ರ ಜುಲೈ 1ರಂದು ಜಾರ್ಜಿಯಾದ ವಿಲ್ಲಾ ರಿಕಾದಲ್ಲಿ ಹುಟ್ಟಿದ ಡಾರ್ಸಿಯ ತಂದೆ ಊರೂರು ಸುತ್ತುವ ಪ್ರವಚನಕಾರ, ತಾಯಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಅಟ್ಲಾಂಟಾದ ನಾಟಕಗೃಹದಲ್ಲಿ ಸೋಡಾ ಮಾರುತ್ತ, ಅಲ್ಲಿನ ಪಿಯಾನೊ ವಾದಕರ ಬೆರಳು ನೋಡುತ್ತ ಹುಡುಗ ಕಲಿತ. ಹದಿಹರೆಯದಲ್ಲೇ ಷಿಕಾಗೊ ಸೇರಿದ. 1924ರಲ್ಲಿ ಬ್ಲೂಸ್‌ನ ಮಹಾತಾಯಿ ಎನಿಸಿದ ಮಾ ರೇನಿಗೆ ಡಾರ್ಸಿಯೇ ವಾದ್ಯವೃಂದ ಕಟ್ಟಿಕೊಟ್ಟರು. ‘ಜಾರ್ಜಿಯಾ ಟಾಮ್’ ಎಂಬ ಹೆಸರಲ್ಲಿ 1928ರಲ್ಲಿ ಟ್ಯಾಂಪಾ ರೆಡ್ ಜತೆ ಮುದ್ರಿಸಿದ ಪೋಲಿ ಹಾಡೊಂದು ಭರ್ಜರಿಯಾಗಿ ಮಾರಾಟವಾಯಿತು. ಆದರೆ ಒಳಗೆ ನೆಮ್ಮದಿ ಇರಲಿಲ್ಲ. ತೀವ್ರ ಖಿನ್ನತೆಗೆ ಬಿದ್ದು ತಿಂಗಳುಗಟ್ಟಲೆ ಕೆಲಸ ಬಿಟ್ಟದ್ದುಂಟು. 1921ರಲ್ಲಿ ಬ್ಯಾಪ್ಟಿಸ್ಟ್ ಮಹಾಸಭೆಯಲ್ಲಿ ನಿಕ್ಸ್ ಎಂಬ ಪಾದ್ರಿ ಹಾಡಿದ್ದನ್ನು ಕೇಳಿದಾಗಿನಿಂದ ಚರ್ಚಿನ ಹಾಡು ಬರೆಯಬೇಕೆಂಬ ಹಂಬಲ ಮನಸ್ಸಿನಲ್ಲಿ ಕೂತಿತ್ತು.

ಬರೆದರು, ಚರ್ಚುಗಳು ಬೇಡವೆಂದವು. ಷಿಕಾಗೊದ ದೊಡ್ಡ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಆಗ ಯುರೋಪಿನ ಮಾದರಿಯ ವೃಂದಗಾನ ನಡೆಯುತ್ತಿತ್ತು; ಹ್ಯಾಂಡೆಲ್ ಹಾಡುವುದು ಪ್ರತಿಷ್ಠೆಯ ಗುರುತು. ಬ್ಲೂಸ್‌ನ ಬಾಗುಸ್ವರ, ಮೈ ತೂಗಿಸುವ ಲಯ ಒಳಗೆ ಬಂದರೆ ಹಳ್ಳಿಗಾಡಿನ ಹಾಡು, ಹೆಂಡದಂಗಡಿಯ ಹಾಡು ಎಂದು ಮೂಗು ಮುರಿಯುವವರಿದ್ದರು. ನಗರದ ಒಳ್ಳೊಳ್ಳೆಯ ಚರ್ಚುಗಳಿಂದಲೇ ತಮ್ಮನ್ನು ಹೊರಹಾಕಿದ್ದರೆಂದು ಡಾರ್ಸಿ ಮುಪ್ಪಿನಲ್ಲೂ ಹೇಳುತ್ತಿದ್ದರು. ಐದು ಡಾಲರ್ ಸಾಲ ಮಾಡಿ, ತಮ್ಮ ಹಾಡಿನ 500 ಪ್ರತಿಗಳನ್ನು ದೇಶದ ಚರ್ಚುಗಳಿಗೆ ಅಂಚೆಯಲ್ಲಿ ಕಳಿಸಿದರು. ಎರಡು ಮೂರು ವರ್ಷ ಒಂದೇ ಒಂದು ಆರ್ಡರ್ ಬರಲಿಲ್ಲ. 1930ರಲ್ಲಿ ಷಿಕಾಗೊದಲ್ಲೇ ನಡೆದ ಬ್ಯಾಪ್ಟಿಸ್ಟ್ ಮಹಾಸಭೆಯಲ್ಲಿ ‘ಇಫ್ ಯು ಸೀ ಮೈ ಸೇವಿಯರ್’ ಹಾಡನ್ನು ಕೇಳಿ ಜನ ಎದ್ದುನಿಂತ ಮೇಲೆಯೇ ಅದೃಷ್ಟ ತಿರುಗಿದ್ದು. 1931ರಲ್ಲಿ ಥಿಯೊಡೋರ್ ಫ್ರೈ ಜತೆ ಎಬೆನೇಜರ್ ಚರ್ಚಿನಲ್ಲಿ ಗಾಸ್ಪೆಲ್ ವೃಂದ ಕಟ್ಟಿದರು. ಮರುವರ್ಷ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚು ಕರೆಸಿಕೊಂಡಿತು.

ಆ ವರ್ಷ, 1932ರ ಆಗಸ್ಟ್. ಸೇಂಟ್ ಲೂಯಿಸ್‌ನಲ್ಲಿ ಒಂದು ಧಾರ್ಮಿಕ ಪುನರುಜ್ಜೀವನ ಸಭೆ, ಡಾರ್ಸಿ ಹಾಡಬೇಕಿತ್ತು. ಮನೆಯಲ್ಲಿ ಹೆಂಡತಿ ನೆಟಿ ತುಂಬು ಗರ್ಭಿಣಿ. ನೆಟಿ ಹಿಂದೆ ಮಾ ರೇನಿಯ ತಂಡದಲ್ಲಿ ಉಡುಪಿನ ಮೇಲ್ವಿಚಾರಣೆ ನೋಡುತ್ತಿದ್ದವರು, ಪರಿಚಯವಾದದ್ದು ಅಲ್ಲೇ. ಡಾರ್ಸಿಗೆ ಹೋಗಲು ಮನಸ್ಸಿರಲಿಲ್ಲ, ಕೊಟ್ಟ ಮಾತಿಗೆ ಹೋದರು. ಸಭೆ ನಡೆಯುತ್ತಿರುವಾಗಲೇ ಒಂದು ಟೆಲಿಗ್ರಾಂ ಕೈಗೆ ಬಂತು. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಿದ್ದರು. ಓಡೋಡಿ ಬಂದಾಗ ಗಂಡುಮಗು ಬದುಕಿತ್ತು, ಸ್ವಲ್ಪ ಹೊತ್ತಿಗೆ ಅದೂ ಹೋಯಿತು. ತಾಯಿ ಮಗುವನ್ನು ಒಂದೇ ಶವಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು.

ದೇವರ ಹಾಡು ಇನ್ನು ಬೇಡ, ಬ್ಲೂಸ್‌ಗೇ ಮರಳುತ್ತೇನೆ ಎಂದುಕೊಂಡರು ಡಾರ್ಸಿ. ಕೆಲವು ದಿನ ಕಳೆದು ಫ್ರೈ ಡಾರ್ಸಿಯನ್ನು ಪೋರೊ ಕಾಲೇಜು ಎಂಬಲ್ಲಿಗೆ ಕರೆದೊಯ್ದರು. ಅಲ್ಲಿನ ಕೋಣೆಯಲ್ಲಿ ಒಂದು ಪಿಯಾನೊ ಇತ್ತು. ಬೆರಳು ಒಂದು ಹಳೆಯ ರಾಗದ ಮೇಲೆ ಹೋಯಿತು. ‘ಮೇಟ್‌ಲ್ಯಾಂಡ್’ ಎಂಬ ಹತ್ತೊಂಬತ್ತನೇ ಶತಮಾನದ ಆ ಧಾಟಿಗೆ ಹೊಸ ಮಾತುಗಳು ಕೂಡಿಕೊಂಡವು. ಮೊದಲು ದೇವರನ್ನು ಸಂಬೋಧಿಸಿದ ವಿಶೇಷಣ ಬೇರೆ ಇತ್ತು; ‘ಪ್ರೆಷಸ್’ ಎಂದು ಹಾಡು ಎಂದವರು ಫ್ರೈ. ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಹುಟ್ಟಿದ್ದು ಹೀಗೆ. ಒಬ್ಬನ ಕೈಯ ಹಾಡಿಗೆ ಇನ್ನೊಬ್ಬನ ಒಂದು ಪದ ಇಷ್ಟು ಮುಖ್ಯವಾದ ನಿದರ್ಶನಗಳು ಕಡಿಮೆ. ಫ್ರೈ ಅವರ ಹೆಸರು ಆ ಹಾಡಿನ ಹಾಳೆಯ ತಲೆಯ ಮೇಲೆ ಕಾಣದಿದ್ದರೂ ಇದನ್ನು ಮರೆಯಬಾರದು.

ಅದೇ ಹೊತ್ತಿಗೆ ಡಾರ್ಸಿಯ ವೃಂದಕ್ಕೆ ಸ್ಯಾಲಿ ಮಾರ್ಟಿನ್ ಬಂದರು. ಜಾರ್ಜಿಯಾದವರು, 1895ರಲ್ಲಿ ಹುಟ್ಟಿದವರು. ಸ್ವರಲಿಪಿ ಓದಲು ಬಾರದು, ಕಂಠ ಒರಟು. ಡಾರ್ಸಿಗೆ ಆ ಕಂಠ ಹಿಡಿಸಿರಲಿಲ್ಲ. ಒಂಟಿಯಾಗಿ ಹಾಡಲು ಬಿಡುವುದಕ್ಕೆ ಬಹಳ ಕಾಲ ಹಿಂಜರಿದರು. ಬಿಟ್ಟ ಮೇಲೆ ಜನ ಮುಗಿಬಿದ್ದು ಕೇಳಿದರು. ಆಕೆಯ ನಿಜವಾದ ಕೊಡುಗೆ ಇನ್ನೊಂದು ಕಡೆ ಇದೆ. ಡಾರ್ಸಿ ತಮ್ಮ ಹಾಡುಗಳನ್ನು ತಾವೇ ಅಚ್ಚು ಹಾಕಿಸಿ ಮಾರುವ ಅಂಗಡಿ ಇಟ್ಟಿದ್ದರು, ಕಪ್ಪು ಒಡೆತನದ ಗಾಸ್ಪೆಲ್ ಪ್ರಕಾಶನಗಳಲ್ಲಿ ಅದು ಮೊದಲಿನದು. ಆದರೆ ಲೆಕ್ಕವಿಲ್ಲ, ಪತ್ರವಿಲ್ಲ. ಬಂದ ಚಿಲ್ಲರೆ ಎಲ್ಲೆಂದರಲ್ಲಿ, ಯಾರು ಬೇಕಾದರೂ ತೆಗೆದುಕೊಂಡು ಹೋಗುವ ಹಾಗೆ. ನಿನ್ನ ಹತ್ತಿರ ದೊಡ್ಡ ಸೊತ್ತಿದೆ, ಅದನ್ನು ಏನು ಮಾಡಬೇಕೆಂದು ನಿನಗೆ ತಿಳಿಯದು ಎಂದು ಆಕೆ ಮುಖಕ್ಕೇ ಹೇಳಿದರಂತೆ. ಪುಸ್ತಕ ಇಟ್ಟರು, ದಾಸ್ತಾನು ಎಣಿಸಿದರು, ಚೀಲ ತುಂಬ ಹಾಳೆ ಹೊತ್ತು ಊರೂರಿಗೆ ಹೋದರು. ಹೋದ ಊರಲ್ಲಿ ಚರ್ಚಿನವರನ್ನು ಕೂಡಿಸಿ ಹಾಡು ಕಲಿಸಿ, ಅಲ್ಲೊಂದು ಗಾಸ್ಪೆಲ್ ವೃಂದ ಕಟ್ಟಿ, ಹಾಳೆ ಮಾರಿ ಮುಂದಿನ ಊರಿಗೆ ಹೊರಡುತ್ತಿದ್ದರು.

1932ರಲ್ಲಿ ಡಾರ್ಸಿ, ಮಾರ್ಟಿನ್, ಫ್ರೈ ಮತ್ತು ಮ್ಯಾಗ್ನೋಲಿಯಾ ಲೂಯಿಸ್ ಬಟ್ಸ್ ಸೇರಿ ಕಟ್ಟಿದ ಗಾಸ್ಪೆಲ್ ವೃಂದಗಳ ರಾಷ್ಟ್ರೀಯ ಸಮಾವೇಶ ನಿಂತಿದ್ದು ಹೀಗೆ ಹುಟ್ಟಿದ ವೃಂದಗಳ ಬಲದ ಮೇಲೆ. ಸಮಾವೇಶದಲ್ಲಿ ಹೊಸ ಹಾಡುಗಳನ್ನು ಕಲಿಸುತ್ತಿದ್ದರು, ಹಳಬರನ್ನು ವೇದಿಕೆಗೆ ಕರೆದು ಮಾನ್ಯ ಮಾಡುತ್ತಿದ್ದರು. ಹೊರಗಿನ ಲೋಕ ಪ್ರಶಸ್ತಿ ಕೊಡುವ ಎಷ್ಟೋ ಮುಂಚೆ ಗಾಸ್ಪೆಲ್‌ನವರು ತಮ್ಮವರನ್ನು ತಾವೇ ಗೌರವಿಸುವ ಪದ್ಧತಿ ಮಾಡಿಕೊಂಡಿದ್ದರು. ಡಾರ್ಸಿ ಇಲ್ಲದಿದ್ದರೆ ಹಾಡುಗಳಿರುತ್ತಿರಲಿಲ್ಲ ನಿಜ. ಸ್ಯಾಲಿ ಮಾರ್ಟಿನ್ ಇಲ್ಲದಿದ್ದರೆ ಆ ಹಾಡುಗಳು ಷಿಕಾಗೊ ದಾಟಲು ಇನ್ನೊಂದು ತಲೆಮಾರು ಹಿಡಿಯುತ್ತಿತ್ತು.

1940ರಲ್ಲಿ ಇಬ್ಬರೂ ಬೇರೆಯಾದರು. ಮಾರ್ಟಿನ್ ಈ ಬಾರಿ ಕೆನೆತ್ ಮಾರಿಸ್ ಎಂಬ ತರುಣನ ಜತೆ ಸೇರಿ ‘ಮಾರ್ಟಿನ್ ಅಂಡ್ ಮಾರಿಸ್’ ಪ್ರಕಾಶನ ತೆರೆದರು. ಮಾರಿಸ್ ನ್ಯೂಯಾರ್ಕಿನ ಹುಡುಗ, ಜಾಜ್ ನುಡಿಸಲು ಷಿಕಾಗೊಕ್ಕೆ ಬಂದು ಅಲ್ಲೇ ನಿಂತವರು. ಅವರು ಮಾಡಿದ ಒಂದು ಕೆಲಸ ಇಂದಿಗೂ ಪ್ರತಿ ಗಾಸ್ಪೆಲ್ ಸಭೆಯಲ್ಲಿ ಕೇಳಿಸುತ್ತದೆ. ಷಿಕಾಗೊದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ವಿದ್ಯುತ್ ಆರ್ಗನ್ ಮಾರುಕಟ್ಟೆಗೆ ತಂದಿದ್ದರು. ಕೊಳವೆಗಳ ದೊಡ್ಡ ಆರ್ಗನ್ ಕೊಳ್ಳಲಾಗದ ಚರ್ಚುಗಳಿಗೆ ಅಗ್ಗದ ಬದಲಿ ಎಂದು ಅದನ್ನು ನೋಡುತ್ತಿದ್ದರು. 1939ರಲ್ಲಿ ಫಸ್ಟ್ ಚರ್ಚ್ ಆಫ್ ಡೆಲಿವರೆನ್ಸ್‌ನಲ್ಲಿ ಮಾರಿಸ್ ಅದನ್ನು ವೃಂದದ ಜತೆ ನುಡಿಸಿದರು. ಒಂದೇ ಸ್ವರವನ್ನು ಎಷ್ಟು ಹೊತ್ತಾದರೂ ಎಳೆದು, ಒಮ್ಮೆಲೆ ಏರಿಸಿ, ನಡುಗಿಸಿ, ಪಾದ್ರಿಯ ಮಾತಿನ ಹಿಂದೆ ಮೆಲ್ಲಗೆ ಹರಿಸಬಲ್ಲ ಆ ವಾದ್ಯ ಗಾಸ್ಪೆಲ್‌ಗೆ ಹೇಳಿ ಮಾಡಿಸಿದಂತಿತ್ತು. ಆ ಚರ್ಚಿನ ಆರಾಧನೆ ರೇಡಿಯೊದಲ್ಲಿ ಬರುತ್ತಿದ್ದುದರಿಂದ ನಾದ ಕೇಳಿದ ಇತರ ಚರ್ಚುಗಳೂ ಹ್ಯಾಮಂಡ್ ತರಿಸಿದವು.

ಮಾರ್ಟಿನ್ ಅಂಡ್ ಮಾರಿಸ್ ಬರೀ ತಮ್ಮ ಹಾಡು ಮಾರುವ ಅಂಗಡಿಯಾಗಿ ಉಳಿಯಲಿಲ್ಲ. ರಾಗ ಗೊತ್ತು, ಲಿಪಿ ಗೊತ್ತಿಲ್ಲ ಎಂಬ ರಚನೆಕಾರರ ಹಾಡನ್ನು ಕೇಳಿ ಸ್ವರ ಹಾಕಿ ಬರೆದುಕೊಡುವ ಕೆಲಸವನ್ನು ಮಾರಿಸ್ ಮಾಡುತ್ತಿದ್ದರು. ಜನರ ಬಾಯಲ್ಲಿದ್ದ ‘ಜಸ್ಟ್ ಅ ಕ್ಲೋಸರ್ ವಾಕ್ ವಿದ್ ದೀ’ ಹಾಡನ್ನು ಒಪ್ಪಗೊಳಿಸಿ 1940ರಲ್ಲಿ ಅಚ್ಚಿಗೆ ಹಾಕಿದವರೂ ಅವರೇ. ಅದೇ ನಗರದಲ್ಲಿ ರಾಬರ್ಟಾ ಮಾರ್ಟಿನ್ ಎಂಬ ಇನ್ನೊಬ್ಬ ಮಹಿಳೆ 1939ರಲ್ಲಿ ತಮ್ಮದೇ ಪ್ರಕಾಶನ ತೆರೆದಿದ್ದರು. ಸ್ಯಾಲಿಗೂ ಅವರಿಗೂ ನೆಂಟಸ್ತನವಿಲ್ಲ. ಗಂಡಸರು ಹೆಂಗಸರು ಒಟ್ಟಿಗೆ ಹಾಡುವ ತಂಡ ಕಟ್ಟಿ, ಪಿಯಾನೊದ ಮುಂದೆ ಕೂತು ನಡೆಸಿ, ತಂಡಕ್ಕೆ ಬೇಕಾದ ಹಾಡನ್ನು ಬರೆಯಿಸಿ ಮುದ್ರಿಸಿದವರು. 1969ರಲ್ಲಿ ಅವರು ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಬಂದವರು ಸುಮಾರು 50,000. ರಾಷ್ಟ್ರಮಟ್ಟದ ದೊಡ್ಡ ಪತ್ರಿಕೆಗಳಲ್ಲಿ ಆ ಸುದ್ದಿಗೆ ಜಾಗ ಸಿಕ್ಕಿದ್ದು ಅತ್ಯಲ್ಪ. ಜನರ ಎದೆಯಲ್ಲಿದ್ದ ಗೌರವ ಮುದ್ರಿತ ಚರಿತ್ರೆಗೆ ಹೇಗೆ ದಾಟಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಡು ಹಾಳೆಯಿಂದ ಧ್ವನಿಮುದ್ರಿಕೆಗೆ ದಾಟಿದಾಗ ಬರೆದವರಿಗೂ ಹಾಡಿದವರಿಗೂ ನಡುವಿನ ಅಂತರ ಇನ್ನೂ ಹೆಚ್ಚಿತು. ಮೆಂಫಿಸ್‌ನ ಈಸ್ಟ್ ಟ್ರಿಗ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಡಬ್ಲ್ಯು. ಹರ್ಬರ್ಟ್ ಬ್ರೂಸ್ಟರ್ ಬೈಬಲಿನ ಪ್ರಸಂಗಗಳ ದೃಶ್ಯರೂಪಕ ಬರೆದು ಸಭೆಯವರಿಂದ ಆಡಿಸುತ್ತಿದ್ದರು, ಅದಕ್ಕೆಂದೇ ಹಾಡು ಕಟ್ಟುತ್ತಿದ್ದರು. ಹಾಗೆ ಬರೆದ ‘ಮೂವ್ ಆನ್ ಅಪ್ ಅ ಲಿಟಲ್ ಹೈಯರ್’ ಅನ್ನು ಮಹೇಲಿಯಾ ಜಾಕ್ಸನ್ 1947ರಲ್ಲಿ ಅಪೊಲೊ ಕಂಪನಿಗೆ ಹಾಡಿದರು. ತಟ್ಟೆಯ ಎರಡೂ ಬದಿಗೆ ಹರಡಿಕೊಂಡ ಆ ಹಾಡು ಅಂಗಡಿಗಳಲ್ಲಿ ದಾಸ್ತಾನು ಸಾಲದಷ್ಟು ಮಾರಾಟವಾಯಿತು. ಸ್ವರ್ಗದ ಮೆಟ್ಟಿಲು ಹತ್ತುವ ಮಾತಿನ ಒಳಗೆ ತಮ್ಮ ಜನ ಈ ಲೋಕದಲ್ಲೇ ಮೇಲೇರಬೇಕೆಂಬ ಮಾತಿದೆ, ಅದನ್ನು ನೇರ ಹೇಳುವುದು ಅಪಾಯವಾಗಿದ್ದ ಕಾಲದಲ್ಲಿ ಹಾಡಿನ ಮೂಲಕ ಹೇಳಿದೆ ಎಂದು ಬ್ರೂಸ್ಟರ್ ವಿವರಿಸುತ್ತಿದ್ದರು. 1950ರ ಅಕ್ಟೋಬರಿನಲ್ಲಿ ಮಹೇಲಿಯಾ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಬ್ರೂಸ್ಟರ್ ಮೆಂಫಿಸ್‌ನಲ್ಲಿ ಭಾನುವಾರದ ಪ್ರಸಂಗ ಬರೆಯುತ್ತಿದ್ದರು.

ಡಾರ್ಸಿಗೆ ಆದದ್ದು ಇನ್ನೂ ವಿಚಿತ್ರ. ಮಹೇಲಿಯಾಗೆಂದು 1930ರ ದಶಕದ ಕೊನೆಯಲ್ಲಿ ಬರೆದ ‘ಪೀಸ್ ಇನ್ ದ ವ್ಯಾಲಿ’ಯನ್ನು 1951ರಲ್ಲಿ ಕಂಟ್ರಿ ಗಾಯಕ ರೆಡ್ ಫೋಲಿ ಮುದ್ರಿಸಿದರು. 1957ರ ಜನವರಿಯಲ್ಲಿ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಎಲ್ವಿಸ್ ಪ್ರೆಸ್ಲಿ ಅದನ್ನೇ ಹಾಡಿದರು. ಹಾಡು ಬಿಳಿಯರ ಮನೆಗಳ ಭಕ್ತಿಗೀತೆಯಾಯಿತು. ಬರೆದವರು ಡಾರ್ಸಿ ಎಂದು ಓದಿದವರಲ್ಲಿ ಎಷ್ಟೋ ಜನ ಬಿಳಿಯ ಬ್ಯಾಂಡ್ ನಾಯಕ ಟಾಮಿ ಡಾರ್ಸಿ ಎಂದೇ ತಿಳಿದರು. ಆ ಗೊಂದಲ ಇವತ್ತಿಗೂ ಪೂರ್ತಿ ಹೋಗಿಲ್ಲ.

ಸಿಸ್ಟರ್ ರೊಸೆಟಾ ತಾರ್ಪ್ ಅವರ ವಿಷಯದಲ್ಲಿ ಹಾಡಿದವರೇ ಮರೆವಿಗೆ ಸಂದರು. 1915ರಲ್ಲಿ ಆರ್ಕನ್ಸಾದ ಕಾಟನ್ ಪ್ಲಾಂಟ್‌ನಲ್ಲಿ ಹುಟ್ಟಿ, ಪ್ರವಚನ ಮಾಡುವ ತಾಯಿಯ ಜತೆ ಚಿಕ್ಕಂದಿನಿಂದಲೇ ಗಿಟಾರ್ ಹಿಡಿದು ಚರ್ಚುಗಳಲ್ಲಿ ಹಾಡಿದವರು. 1938ರಲ್ಲಿ ಡೆಕ್ಕಾ ಕಂಪನಿಗೆ ಹಾಡಿದ ‘ರಾಕ್ ಮಿ’ ಡಾರ್ಸಿಯದೇ ಹಾಡು. ಅದನ್ನು ನೈಟ್‌ಕ್ಲಬ್ಬಿನಲ್ಲೂ ಹಾಡಿದ್ದಕ್ಕೆ ಚರ್ಚಿನವರು ಕೋಪಿಸಿಕೊಂಡರು. 1951ರಲ್ಲಿ ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಟಿಕೆಟ್ ಇಟ್ಟು ನಡೆಸಿದ ಅವರ ಮದುವೆ ಮತ್ತು ಕಛೇರಿಗೆ ಇಪ್ಪತ್ತು ಸಾವಿರ ಜನ ಬಂದಿದ್ದರು. 1964ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬಳಕೆ ತಪ್ಪಿದ ರೈಲು ನಿಲ್ದಾಣವೊಂದರಲ್ಲಿ ಟಿವಿಗಾಗಿ ಕಾರ್ಯಕ್ರಮ. ಈ ಬದಿಯ ಪ್ಲಾಟ್‌ಫಾರ್ಮಿನಲ್ಲಿ ಕಲಾವಿದರು, ಹಳಿಯ ಆಚೆ ಪ್ರೇಕ್ಷಕರು. ಮಳೆ ಬಂದಿತ್ತು. ದಪ್ಪ ಕೋಟು ತೊಟ್ಟು ಕುದುರೆಗಾಡಿಯಿಂದ ಇಳಿದ ತಾರ್ಪ್ ಒದ್ದೆ ನೆಲದ ಮೇಲೆ ನಿಂತು, ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸಿ, ಮಳೆಯ ಹಾಡನ್ನೇ ಎತ್ತಿಕೊಂಡರು. ರಾಕ್ ಸಂಗೀತದ ಗಿಟಾರ್ ಎಲ್ಲಿಂದ ಬಂತೆಂದು ತಿಳಿಯಲು ಆ ಕೆಲವು ನಿಮಿಷ ನೋಡಿದರೆ ಸಾಕು. 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಮೂರು ದಶಕ ಮೀರಿ ಅವರ ಸಮಾಧಿಗೆ ಕಲ್ಲೂ ಇರಲಿಲ್ಲ. 2008ರಲ್ಲಿ ಅಭಿಮಾನಿಗಳು ಸಂಗೀತ ಕಛೇರಿ ಮಾಡಿ ಕಲ್ಲಿಗೆ ಹಣ ಕೂಡಿಸಿದರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2018ರಲ್ಲಿ, ಅವರ ನಂತರದ ಎರಡು ಮೂರು ತಲೆಮಾರಿನವರೆಲ್ಲ ಸೇರಿದ ಮೇಲೆ.

ಇಷ್ಟರ ನಡುವೆ ಹಾಡುಗಳು ತಮ್ಮ ಕೆಲಸ ಮಾಡುತ್ತಲೇ ಇದ್ದವು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ನಡೆದ ನಾಗರಿಕ ಹಕ್ಕು ಚಳವಳಿಯ ಮಹಾಸಭೆಯಲ್ಲಿ ಮಹೇಲಿಯಾ ಹಾಡಿದ ಎರಡು ಹಾಡುಗಳಲ್ಲಿ ಒಂದು ಕರ್ತೃ ತಿಳಿಯದ ಸ್ಪಿರಿಚುವಲ್, ಇನ್ನೊಂದು ಕ್ಲಾರಾ ವಾರ್ಡ್ ಅವರ ‘ಹೌ ಐ ಗಾಟ್ ಓವರ್’. ಮಾರ್ಟಿನ್ ಲೂಥರ್ ಕಿಂಗ್ ಭಾಷಣದ ನಡುವೆ, ಕನಸಿನ ವಿಷಯ ಹೇಳು ಎಂದು ಹಿಂದಿನಿಂದ ಕೂಗಿ ನೆನಪಿಸಿದವರೂ ಆಕೆಯೇ. 1968ರ ಏಪ್ರಿಲ್ 4ರ ಸಂಜೆ ಮೆಂಫಿಸ್‌ನ ಲೊರೇನ್ ಮೋಟೆಲಿನ ಬಾಲ್ಕನಿಯಲ್ಲಿ ನಿಂತಿದ್ದ ಕಿಂಗ್, ಕೆಳಗಿದ್ದ ವಾದಕ ಬೆನ್ ಬ್ರಾಂಚ್‌ಗೆ ಆ ರಾತ್ರಿಯ ಸಭೆಯಲ್ಲಿ ‘ಪ್ರೆಷಸ್ ಲಾರ್ಡ್’ ಚೆನ್ನಾಗಿ ನುಡಿಸಬೇಕೆಂದು ಹೇಳಿದರು. ಕ್ಷಣಗಳಲ್ಲಿ ಗುಂಡು ತಗುಲಿತು. ಅಂತ್ಯಕ್ರಿಯೆಯಲ್ಲಿ ಅದೇ ಹಾಡನ್ನು ಮಹೇಲಿಯಾ ಹಾಡಿದರು. 1972ರಲ್ಲಿ ಮಹೇಲಿಯಾ ತೀರಿಕೊಂಡಾಗ ಷಿಕಾಗೊದಲ್ಲಿ ಅರೀತಾ ಫ್ರಾಂಕ್ಲಿನ್ ಅದನ್ನೇ ಹಾಡಿದರು. ಹೆಂಡತಿ ಮಗುವನ್ನು ಕಳೆದುಕೊಂಡ ಒಬ್ಬನ ಸಂಕಟ ನಲವತ್ತು ವರ್ಷದಲ್ಲಿ ಒಂದು ಸಮುದಾಯದ ವಿದಾಯಗೀತೆಯಾಗಿತ್ತು. ತೀರಿಕೊಳ್ಳುವ ಮುಂಚಿನ ವರ್ಷ, 1971ರಲ್ಲಿ, ಮಹೇಲಿಯಾ ಭಾರತಕ್ಕೂ ಬಂದಿದ್ದರು. ಕಲ್ಕತ್ತ, ದೆಹಲಿ, ಮದ್ರಾಸು, ಮುಂಬಯಿಯಲ್ಲಿ ಹಾಡಿದರು. ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಭೇಟಿಯೂ ಆಯಿತು.

ಅಧಿಕೃತ ಗೌರವಗಳು ನಿಧಾನವಾಗಿ ಬಂದವು, ಬಹುಪಾಲು ಹಾಡುಗಾರರಿಗೆ ಬಂದವು. ಗ್ರ್ಯಾಮಿಯಲ್ಲಿ ಗಾಸ್ಪೆಲ್ ವಿಭಾಗ ಶುರುವಾದಾಗ ಮೊದಲ ಪ್ರಶಸ್ತಿ ಮಹೇಲಿಯಾಗೆ. 1981ರಲ್ಲಿ ಹಾಲಿವುಡ್‌ನ ಕಾಲುದಾರಿಯಲ್ಲಿ ನಕ್ಷತ್ರ ಪಡೆದ ಮೊದಲ ಗಾಸ್ಪೆಲ್ ಕಲಾವಿದ ಜೇಮ್ಸ್ ಕ್ಲೀವ್‌ಲ್ಯಾಂಡ್. ಬಾಲ್ಯದಲ್ಲಿ ಪಿಲ್ಗ್ರಿಮ್ ಚರ್ಚಿನಲ್ಲಿ ಡಾರ್ಸಿಯ ವೃಂದದಲ್ಲಿ ಹಾಡಿದ ಹುಡುಗ ಅವರು. ಮನೆಯಲ್ಲಿ ಪಿಯಾನೊ ಇಲ್ಲದೆ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡಿದವರು. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಗಾಸ್ಪೆಲ್ ಗಾಯಕಿಯರ ನಾಲ್ಕು ಅಂಚೆಚೀಟಿ ತಂದಿತು: ಮಹೇಲಿಯಾ, ತಾರ್ಪ್, ರಾಬರ್ಟಾ ಮಾರ್ಟಿನ್, ಕ್ಲಾರಾ ವಾರ್ಡ್. ನಾಲ್ವರೂ ಅದಕ್ಕೆ ಪೂರ್ತಿ ಅರ್ಹರು. ಡಾರ್ಸಿಗೆ 1979ರಲ್ಲಿ ನ್ಯಾಶ್‌ವಿಲ್‌ನ ಗೀತರಚನೆಕಾರರ ಹಾಲ್ ಆಫ್ ಫೇಮ್ ಮನ್ನಣೆ ಸಿಕ್ಕಿತು, ಅಲ್ಲಿ ಸೇರಿದ ಮೊದಲ ಕಪ್ಪು ರಚನೆಕಾರ ಅವರು. ಆಗ ಅವರಿಗೆ ಎಂಬತ್ತು.

ಹಾಡು ಕಟ್ಟಿದವರನ್ನು ಸಾಲಾಗಿ ಕೂರಿಸಿ ಗೌರವಿಸಿದ ದೊಡ್ಡ ಕೆಲಸ ಮಾಡಿದವರು ಬರ್ನಿಸ್ ಜಾನ್ಸನ್ ರೇಗನ್. ನಾಗರಿಕ ಹಕ್ಕು ಚಳವಳಿಯಲ್ಲಿ ಹಾಡುತ್ತಲೇ ಬೆಳೆದು, ‘ಸ್ವೀಟ್ ಹನಿ ಇನ್ ದ ರಾಕ್’ ತಂಡ ಕಟ್ಟಿ, ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಇತಿಹಾಸಕಾರ್ತಿಯಾದವರು. 1980ರ ದಶಕದಲ್ಲಿ ಅವರು ಒಬ್ಬೊಬ್ಬ ರಚನೆಕಾರರ ಮೇಲೂ ವಿಚಾರಗೋಷ್ಠಿ ನಡೆಸಿದರು. ಗೋಷ್ಠಿಯಲ್ಲಿ ಪ್ರಬಂಧದ ಜತೆ ಹಾಡೂ ಇರುತ್ತಿತ್ತು. ಬ್ರೂಸ್ಟರ್ ಅವರಂಥವರು ಬದುಕಿರುವಾಗಲೇ ತಮ್ಮ ಹಾಡಿನ ಬಗ್ಗೆ ವಿದ್ವಾಂಸರು ಮಾತಾಡುವುದನ್ನು ಕೇಳುವಂತಾಯಿತು. ಅದರ ಫಲವಾಗಿ 1992ರಲ್ಲಿ ಬಂದ ಪುಸ್ತಕದಲ್ಲಿ ಟಿಂಡ್ಲಿ, ಕ್ಯಾಂಬೆಲ್, ಡಾರ್ಸಿ, ಬ್ರೂಸ್ಟರ್, ರಾಬರ್ಟಾ ಮಾರ್ಟಿನ್, ಕೆನೆತ್ ಮಾರಿಸ್ ಈ ಆರೂ ಜನರಿಗೆ ಜಾಗವಿದೆ. ಪುಸ್ತಕಕ್ಕೆ ಇಟ್ಟ ಹೆಸರು ಟಿಂಡ್ಲಿಯ ಹಾಡಿನದೇ. ಯಾವ ಪದಕ, ಯಾವ ನಕ್ಷತ್ರಕ್ಕಿಂತಲೂ ಇದು ದೊಡ್ಡ ಗೌರವ. ಯಾಕೆಂದರೆ ಇಲ್ಲಿ ಹೆಸರಿನ ಜತೆಗೆ ಅವರು ಏನು ಮಾಡಿದರು, ಹೇಗೆ ಮಾಡಿದರು ಎಂಬುದೂ ದಾಖಲಾಯಿತು.

ದಾಖಲೆ ಎಷ್ಟು ಮುಖ್ಯ ಎಂಬುದು 2006ರ ಜನವರಿ 6ರಂದು ಮತ್ತೆ ಗೊತ್ತಾಯಿತು. ಡಾರ್ಸಿ ದಶಕಗಳ ಕಾಲ ಹಾಡಿಸಿದ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚು ದುರಸ್ತಿಯ ಸಮಯದಲ್ಲಿ ಬೆಂಕಿಗೆ ಸಿಕ್ಕಿತು. ಆಡ್ಲರ್ ಮತ್ತು ಸಲಿವನ್ ಎಂಬ ಹೆಸರಾಂತ ವಾಸ್ತುಶಿಲ್ಪಿಗಳು ಯಹೂದಿ ಮಂದಿರವಾಗಿ ಕಟ್ಟಿದ್ದ ಆ ಕಟ್ಟಡದ ಗೋಡೆಗಳಷ್ಟೇ ಉಳಿದವು. ಒಳಗಿದ್ದ ಹಳೆಯ ಕಾಗದಪತ್ರಗಳೂ ಸುಟ್ಟವು. ಆ ಗೋಡೆಗಳ ನಡುವೆ ಗಾಸ್ಪೆಲ್ ಸಂಗೀತದ ರಾಷ್ಟ್ರೀಯ ಸಂಗ್ರಹಾಲಯ ಕಟ್ಟುವ ಯೋಜನೆಯನ್ನು 2017ರಲ್ಲಿ ಪ್ರಕಟಿಸಲಾಯಿತು.

ಈ ಹಿರಿಯರನ್ನು ಕಣ್ಣಾರೆ ಕಾಣಬೇಕೆನ್ನುವವರು 1982ರ ‘ಸೇ ಆಮೆನ್, ಸಮ್‌ಬಡಿ’ ಸಾಕ್ಷ್ಯಚಿತ್ರ ನೋಡಬೇಕು. ಮುಪ್ಪಿನ ಡಾರ್ಸಿ ಇದ್ದಾರೆ, ಹಾಡುಗಾರಿಕೆಯ ಗುರು ಎನಿಸಿದ ವಿಲ್ಲಿ ಮೇ ಫೋರ್ಡ್ ಸ್ಮಿತ್ ಇದ್ದಾರೆ, ಎಂಬತ್ತು ದಾಟಿದ ಸ್ಯಾಲಿ ಮಾರ್ಟಿನ್ ಇದ್ದಾರೆ. ಮಹೇಲಿಯಾ ಅಥವಾ ಅರೀತಾ ದನಿಯಲ್ಲಿ ‘ಪ್ರೆಷಸ್ ಲಾರ್ಡ್’ ಕೇಳುವ ಕನ್ನಡದ ಕೇಳುಗರು ಅದನ್ನು ಇನ್ನೊಬ್ಬರಿಗೆ ಕಳಿಸುವಾಗ ಹಾಡಿದವರ ಹೆಸರಿನ ಕೆಳಗೆ ಥಾಮಸ್ ಎ. ಡಾರ್ಸಿ ಎಂಬ ಹೆಸರನ್ನೂ ಸೇರಿಸಲಿ.